ಗುಂಡಿ ಮೂರು, ಎರಡು ಆಳು

ಫೋಂಡಾ
24 ಫೆಬ್ರುವರಿ 2025, ಸೋಮವಾರ

ತೀರ್ಥರೂಪ ಅಪ್ಪನವರಿಗೆ,

ಇಂದು ಫೆಬ್ರುವರಿ ಇಪ್ಪತ್ತನಾಲ್ಕು. ಈ ಪತ್ರದ ಉದ್ದೇಶ ಒಂದೇ: ಕಾಣಕೋಣದ ನಮ್ಮ ಜಾಗದಲ್ಲಿ ಅಕ್ಷಯ ತೃತೀಯದಂದು ನೀವು ಹಾಕಬೇಕೆಂದಿರುವ ಅಡಿಪಾಯವನ್ನು, ನೆಲದ ಹೊಸ ಪರೀಕ್ಷೆ ಆಗುವವರೆಗೆ ಹಾಕದಂತೆ ತಡೆಯುವುದು. ಕ್ಷೇಮಸಮಾಚಾರವನ್ನು ಕೊನೆಯಲ್ಲಿ ಬರೆಯುತ್ತೇನೆ, ಹಾಳೆಯಲ್ಲಿ ಜಾಗ ಉಳಿದರೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಸಂಕ್ರಾಂತಿಯ ದಿನದಿಂದ ನೀವು ನನ್ನ ಫೋನು ಎತ್ತಿಲ್ಲ. ನಾನೂ ಎರಡು ಸಲಕ್ಕಿಂತ ಹೆಚ್ಚು ಮಾಡಿಲ್ಲ. ನಿಮ್ಮ ಜೊತೆ ಗಾರೆ ಕೆಲಸ ಮಾಡುವ ಗೌಂಡಿಗಳೆಲ್ಲ ನಿಂತಿರುವಾಗ, ನಿಮ್ಮ ಕೈಯಲ್ಲಿದ್ದ ಹಳೆಯ ನೆಲ ವರದಿಯ ನೀಲಿ ಫೈಲನ್ನು ತೋರಿಸಿ, ‘ಇದರಲ್ಲಿ ಭಜಿ ಕಟ್ಟಬೇಕು’ ಎಂದು ನಾನು ಅಂದದ್ದು ನಿಜ. ‘ನೀ ಜೋಳಗ್ಯಾಗ ತೂಗೂ ಕೂಸ ಇದ್ದಾಗ ನಾ ಈ ನೆಲಾ ತೋಡೇನಿ’ ಎಂದು ನೀವು ಅಂದದ್ದೂ ನಿಜ. ಎರಡು ನಿಜಗಳ ನಡುವೆ ಅವ್ವನ ಹೋಳಿಗೆ ತಣ್ಣಗಾಯಿತು, ನಾನು ಮೂರು ಗಂಟೆಯ ಬಸ್ಸು ಹಿಡಿದೆ.

ಈಗ ವಿಷಯ. ಮುಂಬಯಿಯ ಸೇಠರು ಆ ಗುಡ್ಡದ ಮೇಲೆ ಅತಿಥಿಗೃಹ ಕಟ್ಟಲೆಂದು ಮೇ 2003ರಲ್ಲಿ ನೆಲ ಪರೀಕ್ಷೆ ಮಾಡಿಸಿದರು. ನಾಲ್ಕು ಗುಂಡಿ ತೋಡಲಾಯಿತು. ತೋಡಿದವರು ನೀವೇ ಎಂಬುದನ್ನು ನಾನು ಮರೆತಿಲ್ಲ. ಅತಿಥಿಗೃಹ ಏಳಲಿಲ್ಲ. ಕಳೆದ ವರ್ಷ ಜಾಗವನ್ನು ತುಂಡು ಮಾಡಿ ಮಾರುವಾಗ ಅವರು ಆ ವರದಿಯನ್ನೂ ನಿಮ್ಮ ಕೈಗಿಟ್ಟರು. ನೀವು ಅದನ್ನು ಜಾಗದ ಕಾಗದಪತ್ರಕ್ಕಿಂತ ಜೋಪಾನವಾಗಿ ಇಟ್ಟುಕೊಂಡಿದ್ದೀರಿ.

ಆ ವರದಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಹಳೆಯದೆಂಬ ಒಂದೇ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ, ಒಪ್ಪುತ್ತೇನೆ. ಔಷಧದ ಸೀಸೆಯ ಮೇಲಿರುವಂತೆ ನೆಲದ ವರದಿಯ ಮೇಲೆ ಅವಧಿ ಮುಗಿಯುವ ದಿನಾಂಕ ಇರುವುದಿಲ್ಲ. ಕಲ್ಲು ಇಪ್ಪತ್ತೆರಡು ವರ್ಷಕ್ಕೆ ಮುದಿಯಾಗುವುದೂ ಇಲ್ಲ. ಆದರೆ ಅಂದು ಅಳೆದ ನೆಲದ ಮಟ್ಟವೇ ಇಂದೂ ಇದೆಯೇ? ಸುತ್ತ ಯಾರಾದರೂ ಕಡಿದಿದ್ದಾರೆಯೇ, ತುಂಬಿದ್ದಾರೆಯೇ? ಮೇ ತಿಂಗಳ ಒಣ ಬಿಸಿಲಿನಲ್ಲಿ ‘ನೀರು ಕಾಣಲಿಲ್ಲ’ ಎಂದು ಬರೆದವರು ಜುಲೈ ತಿಂಗಳಿನಲ್ಲಿ ಬಂದು ನೋಡಿದ್ದರೇ? ಇವಕ್ಕೆ ಉತ್ತರ ಸಿಗುವವರೆಗೆ ಹಳೆಯ ವರದಿ ಎಂದರೆ ಹಳೆಯ ಭಾವಚಿತ್ರ. ಮುಖ ಗುರುತಿಸಬಹುದು, ಜ್ವರ ಇದೆಯೇ ಎಂದು ಹೇಳಲಾಗದು.

ಒಂದು ಮಾತನ್ನು ಮಾತ್ರ ಆ ವರದಿಯಿಂದ ನಾನು ಪೂರ್ತಿ ಒಪ್ಪುತ್ತೇನೆ. ಮೂರು ಗುಂಡಿಗಳಲ್ಲಿ 1.7 ಮೀಟರಿಗೆ ಗಟ್ಟಿ ಕಲ್ಲು ಸಿಕ್ಕಿದೆ. ಹಿಂದಿನ ಮೂಲೆಯ ಮೂರನೆಯ ಗುಂಡಿಯಲ್ಲಿ ಮಾತ್ರ 3.4 ಮೀಟರಿನವರೆಗೆ ಮೆತ್ತನೆಯ ಮಣ್ಣು. ಆ ಮೂಲೆಯಲ್ಲಿ ಒಂದು ತುಳಸಿಕಟ್ಟೆಯನ್ನೂ ಕಟ್ಟಬೇಡಿ.

ಹಾಳೆಯಲ್ಲಿ ಜಾಗ ಮುಗಿಯಿತು.

ನಿಮ್ಮ ಮಗಳು,
ಗೀತಾಂಜಲಿ ಯಮನೂರಪ್ಪ
ಬಿ.ಇ. ಸಿವಿಲ್, ಪ್ರಥಮ ರ‍್ಯಾಂಕ್

*

ಕಾಣಕೋಣ
5 ಮಾರ್ಚ್ 2025

ಗೀತವ್ವಗ,

ನಿನ್ನ ಕಾಗದ ಮುಟ್ಟಿತು. ಪೋಸ್ಟಿನಾಂವ ಲಕೋಟಿ ತಿರುಗಿಸಿ ಮುರುಗಿಸಿ ನೋಡಿ, ಕೋರ್ಟಿನ ನೋಟೀಸ್ ಬಂದೈತೇನ ಅಂತ ಕೇಳಿದ. ಓದಿದ ಮ್ಯಾಲ ನನಗೂ ಹಂಗ ಅನಸ್ತು. ನಾ ನಾಕನೇತ್ತಾ ಕಲತಾಂವ. ನಿನ್ನ ಕನ್ನಡ ಎರಡ ಸಲ ಓದಿದ್ರ ಒಂದ ಸಲ ತಿಳೀತೈತಿ. ನಿಮ್ಮವ್ವ ಕೇಳಿ, ‘ನೀವು, ನಿಮ್ಮ ಅಂತ ಬರದಾಳಲ್ರಿ, ಮಗ್ಗಲ ಮನಿಯಾವರ ಕಾಗದ ನಮಗ ಬಂದಿರಬೇಕು, ಕೊಟ್ಟ ಬರ್ರಿ’ ಅಂದ್ಲು.

ಮಣ್ಣ ಏನ ಬಸ್ ಹತ್ತಿ ಊರಿಗೆ ಹೋಗ್ತೈತೇನ ತಂಗಿ? ಕಲಂಗುಟ್‌ದಾಗ ನಾ ಕಲ್ಲಿಟ್ಟ ಬುನಾದಿ ಮ್ಯಾಲ ಮೂರ ಮಜಲಿನ ಹೋಟೆಲ್ ನಿಂತಾವು. ಅವರ‍್ಯಾರೂ ನನಗ ನೋಟೀಸ್ ಕೊಟ್ಟಿಲ್ಲ. ಗೋವಾಕ್ಕ ಬಂದು ಚಿಂಬಲದ ಬಾಡಗಿ ಖೋಲ್ಯಾಗ ಇಪ್ಪತ್ತ ವರ್ಷ ಮಂದಿ ಗ್ವಾಡಿಗೆ ಬೆನ್ನ ಹಚ್ಚಿ ಮಲಗೇವಿ. ಆ ಕಡೆ ಖೋಲ್ಯಾಗ ಯಾರರ ಕೆಮ್ಮಿದ್ರ ಈ ಕಡೆ ನಿಮ್ಮವ್ವ ಎದ್ದ ಕುಂಡ್ರತಿದ್ಲು. ಈಗ ನಮ್ಮ ಜಾಗಾದಾಗ ತಗಡಿನ ಶೆಡ್ ಹಾಕೊಂಡ ಕುಂತೀವಿ. ನೀ ಬುನಾದಿ ಬ್ಯಾಡ ಅಂದ್ರ ಮಳಿಗಾಲ ಪೂರಾ ಆಕಿ ತಗಡಿನ ಕೆಳಗ ತಗೀಬೇಕು. ಕಾಣಕೋಣದ ಮಳಿ ತಗಡಿನ ಮ್ಯಾಲ ಹೆಂಗ ಬೀಳ್ತೈತಿ ಅನ್ನೂದು ರ‍್ಯಾಂಕಿನ ಸಾಲ್ಯಾಗ ಕಲಸಿರಂಗಿಲ್ಲ.

ಮನಿ ರಸ್ತಾ ಕಡೆ ಬರ್ತೈತಿ, ಒಂದನೇ ಗುಂಡಿ ಇದ್ದಲ್ಲೆ. ಅಲ್ಲೆ ಗಟ್ಟಿ ಐತಿ ಅಂತ ಕಾಗದಾನೂ ಹೇಳ್ತೈತಿ, ನನ್ನ ಕೈನೂ ಹೇಳ್ತೈತಿ. ಮೂರನೇ ಗುಂಡಿ ಕೆಟ್ಟದ್ದು ಅಂತ ಬರದಾರೇನ? ನನಗ ಹಂಗ ನೆನಪಿಲ್ಲ. ಅಲ್ಲೆ ನನ್ನ ಅಂಗೈ ಬೊಕ್ಕಿ ಎದ್ದದ್ದು ನೆನಪೈತಿ. ಆದ್ರ ಸಾಯೇಬ್ರು ಬರದದ್ದ ಖರೇ ಇರಬೇಕು. ನನ್ನ ನೆನಪಿಗೆ ಮೊಹರ ಇಲ್ಲ.

ನೆಲದ ಮಟ್ಟ ಬದಲಾಗೈತೇನ ಅಂತ ಕೇಳೀದಿ. ರಸ್ತಾ ಕಡೆ ಗೇರಗಿಡ ಐತೆಲ್ಲ, ಅದರ ಅಡ್ಡ ಟೊಂಗಿಗೇ ನಿನ್ನ ಜೋಳಗಿ ಕಟ್ಟಿದ್ದು. ಆಗ ನಿಮ್ಮವ್ವ ಕೈ ಮ್ಯಾಲೆತ್ತಿ ಹಗ್ಗಾ ಬಿಗೀತಿದ್ಲು. ನಿನ್ನೆ ನಿನ್ನ ಕಾಗದ ಓದಿ ಇಬ್ರೂ ಹೋಗಿ ನೋಡಿದ್ವಿ. ಟೊಂಗಿ ಆಕಿ ಎದಿಮಟ್ಟ ಐತಿ. ‘ಈ ವಯಸ್ಸಿನ್ಯಾಗ ನಾ ಎತ್ತರ ಆಗೇನೇನ್ರಿ’ ಅಂದ್ಲು. ನೀನ ಹೇಳು.

ಇಂತಿ,
ಯಮನೂರಪ್ಪ
ಗೌಂಡಿ, ನಾಕನೇತ್ತಾ, ರ‍್ಯಾಂಕ್ ಇಲ್ಲ

*

ಫೋಂಡಾ
14 ಮಾರ್ಚ್ 2025

ತೀರ್ಥರೂಪ ಅಪ್ಪನವರಿಗೆ,

ಅವ್ವ ಎತ್ತರವಾಗಿಲ್ಲ. ನೆಲ ಎತ್ತರವಾಗಿದೆ.

ಮರ ಬೆಳೆದಾಗ ತುದಿ ಮೇಲೇರುತ್ತದೆ. ಒಮ್ಮೆ ಮೂಡಿದ ಟೊಂಗೆ ಇದ್ದ ಎತ್ತರದಲ್ಲೇ ಇರುತ್ತದೆ. ಅದು ಅವ್ವನ ಎದೆಮಟ್ಟಕ್ಕೆ ಬಂದಿದ್ದರೆ, ರಸ್ತೆ ಅಗಲ ಮಾಡಿದಾಗ ಕೆತ್ತಿದ ಮಣ್ಣನ್ನು ಯಾರೋ ಅಲ್ಲಿ ಎರಡಡಿಗಿಂತ ಹೆಚ್ಚು ಸುರಿದಿದ್ದಾರೆ. ನೀವು ಮನೆ ಕಟ್ಟಬೇಕೆಂದಿರುವ ಜಾಗದಲ್ಲಿಯೇ. ಅಲ್ಲಿಗೆ ವರದಿಯ ಎಲ್ಲ ಅಳತೆಗಳೂ ಇಂದು ಇಲ್ಲದ ಒಂದು ನೆಲದಿಂದ ಅಳೆದವು ಎಂದಾಯಿತು. ಈ ಸಾಕ್ಷ್ಯವನ್ನು ಕೊಟ್ಟವರು ನೀವೇ ಎಂಬುದನ್ನು ದಾಖಲಿಸುತ್ತೇನೆ.

ಇನ್ನೊಂದು. ಸಂಕ್ರಾಂತಿಯ ದಿನ ಸಿಟ್ಟಿನಲ್ಲಿ ಬೇಲಿಯವರೆಗೆ ನಡೆದುಹೋದಾಗ ನಾನು ನೋಡಿದೆ: ಪಕ್ಕದ ಜಾಗದವರು ಗಾಡಿ ನಿಲ್ಲಿಸಲೆಂದು ಗುಡ್ಡವನ್ನು ನೆಟ್ಟಗೆ ಕಡಿದಿದ್ದಾರೆ. ಕಡಿದ ಗೋಡೆ ನಮ್ಮ ಒಂದನೆಯ ಗುಂಡಿಯಿಂದ ಹದಿನೈದು ಹೆಜ್ಜೆಯೂ ಇಲ್ಲ. ಅದರ ಮೇಲ್ಭಾಗ ಕೆಂಪು ಚಿರೇಕಲ್ಲು. ಬುಡದಲ್ಲಿ ಬಿಳಿ, ಗುಲಾಬಿ ಬಣ್ಣದ ಮೆತ್ತನೆಯ ಮಣ್ಣು. ಅದು ಶೇಡಿ ಮಣ್ಣು. ಒಣಗಿದ್ದಾಗ ಸುಣ್ಣದ ಗಡ್ಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಬೆಣ್ಣೆಯಾಗುತ್ತದೆ. ನಿಮ್ಮ ಗುಂಡಿಗಳು ಕಲ್ಲು ಸಿಕ್ಕಿದ ಕೂಡಲೇ ನಿಂತವು. ಕದ ತಟ್ಟಿ, ಕದ ಗಟ್ಟಿಯಿದೆ ಎಂದು ಹಿಂದಿರುಗಿದವರಿಗೆ ಒಳಗೆ ಯಾರಿದ್ದಾರೆ ಎಂಬುದು ತಿಳಿಯುವುದಿಲ್ಲ.

ಮೂರನೆಯ ಗುಂಡಿಯ ಬಗ್ಗೆ ನಿಮ್ಮ ನೆನಪು ತಪ್ಪು ಎಂದು ತಿಳಿಸಲು ವಿಷಾದಿಸುತ್ತೇನೆ. ಸಂಕ್ರಾಂತಿಯ ದಿನ ನಾನು ಫೋಟೋ ತೆಗೆದುಕೊಂಡ ವರದಿಯ ಕೊನೆಯಲ್ಲಿ, ಅಂದಿನ ಕೆಲಸದ ಮೇಲ್ವಿಚಾರಕ ಮುಕಾದಮ ಠಾಕಪ್ಪನವರ ಡೈರಿಯ ಒಂದು ಪುಟದ ನಕಲಿದೆ. ನಾನು ಕೆಲಸ ಮಾಡುವ ನೆಲ ಪರೀಕ್ಷೆಯ ಲ್ಯಾಬಿನಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ ಆದ್ದರಿಂದ, ಅದನ್ನು ಕೋಷ್ಟಕದ ಜೊತೆ ತಾಳೆ ನೋಡುವುದು ನನ್ನಿಂದಲೇ ಸಾಧ್ಯವಾಯಿತು. ಅಲ್ಲಿ ಹೀಗಿದೆ: ‘ಗುಂಡಿ ೧, ಒಂದು ಆಳು. ಗುಂಡಿ ೨, ಒಂದು ಆಳು. ಗುಂಡಿ ೩, ಎರಡು ಆಳು. ಗುಂಡಿ ೪, ಒಂದು ಆಳು.’ ಒಂದು ಆಳು ಎಂದರೆ ನಿಂತ ಮನುಷ್ಯನ ಎತ್ತರದಷ್ಟು ಆಳ. ಗುಂಡಿ ತೋಡಿದವರ ಮಗಳಿಗೆ ಇದನ್ನು ನಿಘಂಟು ಹೇಳಿಕೊಡಬೇಕಿಲ್ಲ. ಆಳಿಗೆ 1.7 ಮೀಟರ್, ಎರಡು ಆಳಿಗೆ 3.4. ಮೂಲಕ್ಕೂ ಕೋಷ್ಟಕಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಇದನ್ನು ನಮ್ಮ ಮುಖ್ಯಸ್ಥರಿಗೆ ವಿವರಿಸಿದಾಗ ಅವರು ಮೆಚ್ಚಿಕೊಂಡರು.

ಏಪ್ರಿಲ್ ಮೊದಲ ವಾರ ನಮ್ಮ ಕೊರೆಯುವ ಯಂತ್ರ ಒಂದು ಸೇತುವೆಯ ಕೆಲಸಕ್ಕೆಂದು ಕಾಣಕೋಣಕ್ಕೆ ಬರುತ್ತದೆ. ಎರಡು ದಿನ ಅದನ್ನು ನಮ್ಮ ಜಾಗಕ್ಕೆ ಕಳುಹಿಸಲು ಒಪ್ಪಿಗೆ ಪಡೆದಿದ್ದೇನೆ. ನೀವು ಒಪ್ಪಿದರೆ ಮಾತ್ರ.

ತಗಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಯಾವ ಶಾಲೆಯೂ ನನಗೆ ಕಲಿಸಬೇಕಿರಲಿಲ್ಲ. ಚಿಂಬಲದ ಖೋಲಿಗೂ ತಗಡೇ ಇತ್ತು.

ನಿಮ್ಮ ಮಗಳು,
ಗೀತಾಂಜಲಿ ಯಮನೂರಪ್ಪ

*

ಕಾಣಕೋಣ
24 ಮಾರ್ಚ್ 2025

ಗೀತವ್ವಗ,

ಕುಂತ ಓದು.

ನಿನ್ನ ಕಾಗದ ನಾ ಸಂಜಿಮುಂದ ಶೆಡ್ಡಿನ ಬಾಗಲಾಗ ಕುಂತ ಜೋರಾಗಿ ಓದಾಕತ್ತಿದ್ದೆ. ನಿಮ್ಮವ್ವ ಜ್ವಾಳಾ ಹಸನ ಮಾಡಾಕತ್ತಿದ್ಲು. ‘ಗುಂಡಿ ಮೂರು, ಎರಡು ಆಳು’ ಅಂತ ಓದಿದೆ. ಆಕಿ ಮರಾ ಕೆಳಗಿಟ್ಲು. ‘ಅಲ್ರಿ’ ಅಂದ್ಲು, ‘ಆ ಎರಡನೇ ಆಳು ನಾನಲ್ಲೇನ್ರಿ?’

ನನಗ ಒಂದ ಗಳಿಗಿ ತಿಳೀಲಿಲ್ಲ. ಆಮ್ಯಾಲ ಎಲ್ಲಾ ನೆನಪಾತು. ಒಂದನೇದು, ಎರಡನೇದು, ನಾಕನೇದು ನಾ ಒಬ್ಬನ ತೋಡಿದೆ. ಮೂರನೇದು ಕೇಳಲಿಲ್ಲ. ಹಾರಿ ಹಾಕಿದ್ರ ಹಾರಿನ ಜಿಗದ ಬರತಿತ್ತು. ಮಧ್ಯಾಹ್ನ ಆದ್ರೂ ಮೊಣಕಾಲಮಟ್ಟ ಆಗಿರಲಿಲ್ಲ. ಠಾಕಪ್ಪ ಬಂದ ನೋಡಿ, ‘ಏ ಬಾಳವ್ವ, ಕೂಸಿನ ಜೋಳಗಿ ಗಿಡಕ್ಕ ಕಟ್ಟಿ ನೀನೂ ಇಳೀ’ ಅಂದ. ನಿನಗ ಆಗ ಎಂಟ ತಿಂಗಳ. ನೀ ಅತ್ತಾಗೊಮ್ಮೆ ಗೇರಗಿಡಕ್ಕ ಓಡೂದು, ನೀ ಸುಮ್ಮನಾದಾಗೊಮ್ಮೆ ಗುಂಡಿಗೆ ಓಡೂದು, ಹಂಗ ಮಾಡಿ ಮಣ್ಣ ಎತ್ತಿ ಹಾಕ್ಯಾಳ ಆಕಿ. ಅಷ್ಟ ಮಾಡಿದ್ರೂ ನನ್ನ ಎದಿಮಟ್ಟಕ್ಕ ಕಲ್ಲ ಹತ್ತಿತು, ಬಿಟ್ಟವಿ.

ಆಳು ಅಂದ್ರ ಆಳು, ತಂಗಿ. ಕೂಲಿಯಾಳು. ಠಾಕಪ್ಪ ಬರದದ್ದು ಹಾಜರಿ. ಯಾವ ಗುಂಡಿಗೆ ಎಷ್ಟ ಮಂದಿ ಹಚ್ಚಿದೆ ಅಂತ. ಅದನ್ನ ಯಾರೋ ಸಾಯೇಬ್ರಿಗೆ ಆಳ ಅಂತ ಓದಿ ಹೇಳ್ಯಾರ, ಅವರು ಮೀಟರ್ ಮಾಡ್ಯಾರ, ನಮ್ಮ ಫಸ್ಟ್ ರ‍್ಯಾಂಕ್ ಮಗಳು ಅದಕ್ಕ ಮೊಹರ ಒತ್ತ್ಯಾಳ. ಕಲ್ಲ ಗಟ್ಟಿ ಐತಿ ಅಂತ ಎರಡ ಆಳ ಹಚ್ಚಿದ್ರ, ಮಣ್ಣ ಮೆತ್ತಗ ಐತಿ ಅಂತ ಕಾಗದ ಆತು!

ನಿಮ್ಮವ್ವ ಕಣ್ಣಾಗ ನೀರ ಬರೂಹಂಗ ನಕ್ಕಳು. ‘ನಿಮ್ಮ ಮಗಳು ನನ್ನ ಆಳಾ ಅಳದಾಳ್ರಿ, ಒಂದ ಮೀಟರ್ ಏಳ ಅಂತ’ ಅಂತ ಅಂದ ಅಂದ ನಕ್ಕಳು. ಆಮ್ಯಾಲ ಮರಾ ಎತ್ತಿಕೊಂಡ, ‘ಆ ಪುಣ್ಯಾತ್ಮ ನನ್ನ ಹೆಸರ ಬರೀಲಿಲ್ಲ. ಆಳು ಅಂದ. ಅದನ್ನೂ ಗುಂಡಿ ಅಂತ ಓದಿದ್ರು’ ಅಂದ್ಲು. ಮತ್ತ ಜ್ವಾಳಾ ಕೇರಿದ್ಲು.

ನನಗ ರಾತ್ರಿ ನಿದ್ದಿ ಹತ್ತಲಿಲ್ಲ. ಮೂರನೇದು ಹಾಜರಿ ಅಂದ್ರ, ಒಂದ, ಎರಡ, ನಾಕ ಸೈತ ಹಾಜರೀನ. ಆ ಕಾಗದದಾಗ ಆಳ ಅನ್ನೂದು ಒಂದೂ ಇಲ್ಲ. ಪ್ಲಾಸ್ಟಿಕ್ ಚೀಲದಾಗ ಸುತ್ತಿ ಸುತ್ತಿ ನಾ ಇಟ್ಟದ್ದು ನಮ್ಮದ ಹಾಜರಿ ಪಟ್ಟಿ.

ಮಷೀನ ಕಳಸು.

ಯಮನೂರಪ್ಪ

*

ಫೋಂಡಾ
31 ಮಾರ್ಚ್ 2025

ಅಪ್ಪನವರಿಗೆ,

ಕೋಷ್ಟಕವನ್ನು ಮತ್ತೆ ತೆರೆದು ನೋಡಿದೆ. 1.7, 1.7, 3.4, 1.7. ನೆಲ ಎಂದೂ ಹೀಗೆ ಮಗ್ಗಿಯಂತೆ ಬರೆಯುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿಯ ಕಣ್ಣಿಗೂ ಬೀಳಬೇಕಾದ ಮಾತಿದು. ನನ್ನ ಕಣ್ಣಿಗೆ ಬೀಳಲಿಲ್ಲ. ಕನ್ನಡ ಬಲ್ಲೆನೆಂಬ ಹೆಮ್ಮೆ ಅಡ್ಡ ನಿಂತಿತ್ತು.

ಇಂದು ಬೆಳಿಗ್ಗೆ ಮುಖ್ಯಸ್ಥರ ಕೋಣೆಗೆ ಹೋಗಿ, ಅಂದು ಮೆಚ್ಚಿಕೊಂಡದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಹೇಳಿದೆ. ಕಾರಣ ಕೇಳಿ ಅವರು ಬಹಳ ಹೊತ್ತು ನಕ್ಕರು. ಆಮೇಲೆ ‘ನಿಮ್ಮ ತಾಯಿಯನ್ನು ಒಮ್ಮೆ ನೋಡಬೇಕು’ ಎಂದರು.

ಏಪ್ರಿಲ್ 7ಕ್ಕೆ ಯಂತ್ರ ಬರುತ್ತದೆ. ಮಾಂತೇಶ ಎಂಬುವವರು ಅದನ್ನು ನಡೆಸುತ್ತಾರೆ. ಬಾಗಲಕೋಟೆಯ ಕಡೆಯವರು, ಒಳ್ಳೆಯ ಕೆಲಸಗಾರರು. ಒಂದು ಕೊರೆತ ಒಂದನೆಯ ಗುಂಡಿಯ ಬಳಿ, ಒಂದು ಮೂರನೆಯದರ ಬಳಿ. ಮೂರನೆಯದು ಎಲ್ಲಿತ್ತೆಂದು ನಕ್ಷೆಯಿಂದ ಹೇಳಬಲ್ಲೆ. ಆದರೆ ನೀವೇ ನಿಂತು ತೋರಿಸಿ.

ನನಗೆ ಆ ದಿನ ರಜೆ ಇಲ್ಲ. ರಜೆ ಕೇಳಿಲ್ಲ ಎಂಬುದೂ ನಿಜ.

ಗೀತಾಂಜಲಿ

*

ಕಾಣಕೋಣ
10 ಏಪ್ರಿಲ್ 2025

ಗೀತವ್ವಗ,

ಮಷೀನ ಬಂದ ಹೋತು. ನಿನ್ನ ಮಾಂತೇಶ ಎಲ್ಲಾ ಬರಕೊಂಡ ಹೋಗ್ಯಾನ, ನಿನಗ ಮೊದಲ ಮುಟ್ಟಿರತೈತಿ. ಆದ್ರೂ ನಾ ಬರೀತೀನಿ, ಅವನ ಕಾಗದದಾಗ ಬರಲಾರದ್ದು ಐತಿ.

ಮೂರ ಕಾಲಿನ ಕುದರಿ ನಿಲ್ಲಿಸಿ, ನಡುವ ಸಳಿ ಇಳಿಬಿಟ್ಟು, ಮ್ಯಾಲಿಂದ ಭಾರದ ಗುಂಡ ಎತ್ತಿ ಎತ್ತಿ ಬಿಡೂದು. ಒಂದ ಫೂಟ ಇಳ್ಯಾಕ ಎಷ್ಟ ಪೆಟ್ಟ ಅಂತ ಎಣಸೂದು. ನಾ ಅಂದೆ, ‘ಮಾಂತೇಶಪ್ಪಾ, ಇದಕ್ಕ ಇಂಜಿನಿಯರ್ ಯಾಕ ಬೇಕೋ, ಇದು ನಮ್ಮ ಧಂದೇನ.’ ಆಂವ ಅಂದ, ‘ಹೊಡಿಯೂದು ನಿಮ್ಮ ಧಂದೇರಿ ಕಾಕಾ, ಎಲ್ಲಿ ನಿಲ್ಲಬೇಕು ಅನ್ನೂದು ಗೀತಾ ಮೇಡಮ್‌ದು.’

ಒಂದನೇ ಗುಂಡಿ ಕಡೆ ಮದ್ಲ ಹಾಕಿದ್ರು. ಸುರದ ಮಣ್ಣ ಮೂರ ಫೂಟಿನ ಹತ್ತರ ಬಂತು, ನಿಮ್ಮವ್ವನ ಟೊಂಗಿ ಹೇಳಿದ್ದ ಖರೇ ಆತು. ಆಮ್ಯಾಲ ಹಳೀ ಮಣ್ಣ, ಅದರ ಕೆಳಗ ಕಲ್ಲ. ನಲವತ್ತ ಪೆಟ್ಟ, ಐವತ್ತ ಪೆಟ್ಟ. ಗುಂಡ ಟಣ್ ಅಂತಿತ್ತು. ನಾ ನಿಮ್ಮವ್ವನ ಮಾರಿ ನೋಡಿ ಮೀಸಿ ತಿರುವಿದೆ. ಕಲ್ಲ ಕೊರದ ಎರಡೂವರಿ ಫೂಟ ಹೋದ್ರು. ಮತ್ತ ಗುಂಡ ಬಿಟ್ರು. ಟಣ್ ಅನ್ನಲಿಲ್ಲ. ಒಂದ ಪೆಟ್ಟಿಗೆ ಸಳಿ ಸರಕ್ಕನ ಕೆಳಗ ಹೋತು. ಎರಡನೇ ಪೆಟ್ಟಿಗೆ ಮಾಂತೇಶ ಕೈ ಎತ್ತಿ ನಿಲ್ಲಿಸಿದ. ಮ್ಯಾಲ ಎತ್ತಿದಾಗ ಕೊಳವ್ಯಾಗ ಬಿಳೇ ಮಣ್ಣ, ಹಸೀ, ಬಳ್ಳ ಒತ್ತಿದ್ರ ಗುರ್ತ ಮೂಡ್ತಿತ್ತು.

ಮೂವತ್ತ ವರ್ಷ ಕಲ್ಲ ಸಿಕ್ಕಿತು ಅಂದ್ರ ನಿಂತೀನಿ ತಂಗಿ. ಕಲ್ಲಿನ ಕೆಳಗ ಏನೈತಿ ಅಂತ ಯಾವ ಮಾಲಕನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಕ್ಷಯ ತೃತೀಯಕ್ಕ ಅಲ್ಲೆ ಬುನಾದಿ ಹಾಕಿದ್ನಂದ್ರ? ನಾ ಚಾ ಕುಡೀಲಿಲ್ಲ ಅವತ್ತ.

ಮರದಿನ ಮೂರನೇದು. ಮಾಂತೇಶ ನಿನ್ನ ನಕ್ಷಾ ಹಿಡದ ಒಂದ ಕಡೆ ಗೂಟಾ ಬಡದ. ನಿಮ್ಮವ್ವ ಹೋಗಿ ಗೂಟಾ ಕಿತ್ತು ನಾಕ ಹೆಜ್ಜಿ ಈ ಕಡೆ ನೆಟ್ಲು. ‘ಇಲ್ಲಿಂದ ನನಗ ಜೋಳಗಿ ಕಾಣ್ತಿತ್ತು. ಅಲ್ಲಿಂದ ಕಾಣ್ತಿದ್ದಿಲ್ಲ’ ಅಂದ್ಲು. ಆಂವ ತಕರಾರ ಮಾಡಲಿಲ್ಲ. ನನ್ನ ಎದಿಮಟ್ಟಕ್ಕ ಕಲ್ಲ ಹತ್ತಿತು. ಹತ್ತಿದ್ದು ಬಿಡಲೇ ಇಲ್ಲ. ಹದಿನಾರ ಫೂಟ ಕಲ್ಲ. ಗುಂಡ ಜಿಗದ ಜಿಗದ ಬರೂದ ನೋಡಿ ನಿಮ್ಮವ್ವ ಸೆರಗ ಸೊಂಟಕ್ಕ ಸಿಗಿಸಿ, ‘ಈಗರ ಎರಡ ಆಳು ಅಂತ ಬರಕೋರಿ’ ಅಂತ ಮಾಂತೇಶಗ ಅಂದ್ಲು.

ಅಕ್ಷಯ ತೃತೀಯ ಬಿಟ್ಟೀನಿ. ಮಳಿಗಾಲ ತಗಡಿನ ಕೆಳಗ ಕಳಿಯೂದು. ಇದನ್ನ ನಿಮ್ಮವ್ವಗ ಹೆಂಗ ಹೇಳಲಿ ಅಂತ ಅಂಜಿಕೊಂತ ಕುಂತಿದ್ದೆ. ಆಕಿ ಆಗಲೇ ಪ್ಯಾಟಿಗೆ ಹೋಗಿ ತಾಡಪತ್ರಿ ತಂದಿದ್ಲು.

ಫೋನ ಹಚ್ಚಿದ್ರ ಎತ್ತತೀನಿ. ಕಾಗದಾನೂ ಬರೀ. ಕಾಗದಾ ಆದ್ರ ನಿಮ್ಮವ್ವ ಮತ್ತ ಮತ್ತ ಓದಸ್ತಾಳ.

ನಿಮ್ಮಪ್ಪ

*

ಕಾಣಕೋಣ
22 ಜುಲೈ 2025

ಗೀತಾಗ,

ನೀ ಬಂದ ಹೋದ ಮ್ಯಾಲ ಮಳಿ ಹನ್ನೊಂದ ದಿನ ಬಿಟ್ಟಿಲ್ಲ. ಹೋಳಿಗಿ ತಿಂದ ಹೋದಿ, ಚಲೋ ಆತು. ಆರ ತಿಂದಿ. ನಿಮ್ಮವ್ವ ಎಣಿಸ್ಯಾಳ.

ಮಾಂತೇಶ ಕೊರದ ತೂತಿನಾಗ ನೀ ನೆಟ್ಟ ಹೋದ ಪೈಪಿನಾಗ ಆಕಿ ದಿನಾ ಮುಂಜಾನಿ ಹಗ್ಗಾ ಬಿಟ್ಟ ನೀರ ಅಳೀತಾಳ. ಹಗ್ಗದಾಗ ಗಂಟ ಹಾಕ್ಯಾಳ, ಗೇಣಿಗೊಂದು. ನನಗ ಮುಟ್ಟಾಕ ಕೊಡಂಗಿಲ್ಲ. ಮೂರನೇ ಗುಂಡಿ ಕಡೆ ನೀರ ಕಲ್ಲಿನ ಮ್ಯಾಲ ಬಂದಿಲ್ಲ. ಪಟ್ಟಿ ಇದರ ಜೋಡಿ ಇಟ್ಟೀನಿ, ಗೀಟ ಎಲ್ಲಾ ಆಕೀನ ಎಳದದ್ದು.

ಇನ್ನೊಂದ ಸುದ್ದಿ. ಮೊನ್ನೆ ಮುಂಜಾನಿ ಪಕ್ಕದವರು ಕಡದ ಗ್ವಾಡಿ ಬುಡಕ್ಕ ಕರಗಿ, ಮ್ಯಾಲಿನ ಕಲ್ಲ ಎತ್ತಿನ ಗಾಡಿಯಷ್ಟ ದೊಡ್ಡದು ಕೆಳಗ ಕುಂತತು. ಯಾರಿಗೂ ಏನೂ ಆಗಿಲ್ಲ, ಗಾಡಿ ಸೈತ ಇರಲಿಲ್ಲ. ನಮ್ಮ ಕಡೆ ಗೇರಗಿಡದ ಮಗ್ಗಲ ಒಂದ ಬಿರುಕ ಬಿಟ್ಟೈತಿ, ನನ್ನ ಅಂಗೈ ಹೋಗ್ತೈತಿ. ನಾ ಮನಿ ಮುಂಬಾಗಲಾ ಗುರ್ತ ಮಾಡಿದ್ನೆಲ್ಲ, ಬರೋಬ್ಬರಿ ಅಲ್ಲೆ. ನಿಮ್ಮವ್ವ ಬಿರುಕಿನ ಈ ಕಡೆ ನಿಂತು ಭಾಳ ಹೊತ್ತ ನೋಡಿದ್ಲು. ಆಮ್ಯಾಲ ಚಾ ಮಾಡಿದ್ಲು, ಸಕ್ರಿ ಹೆಚ್ಚ ಹಾಕಿ.

ತಗಡ ಸೋರೂದು ಎರಡ ಕಡೆ ಅಷ್ಟ.

ಅಪ್ಪ

*

ಕಾಣಕೋಣ
28 ಸೆಪ್ಟೆಂಬರ್ 2025

ಗೀತಾಗ,

ಮಳಿ ಹಿಂದ ಸರದೈತಿ. ಮೂರನೇ ಗುಂಡಿ ಕಡೆ ನೆಲಾ ಹಸನ ಮಾಡೀನಿ. ಹಗ್ಗಾ ಹಿಡದ, ಸುಣ್ಣ ಹಾಕಿ, ಮನಿ ಗುರ್ತ ಮಾಡೀನಿ. ದೇವರ ಕಟ್ಟಿ ಪೂರ್ವಕ್ಕ, ಅಡಗಿ ಮನಿ ಅದರ ಮಗ್ಗಲಕ, ನಿನಗೊಂದ ಖೋಲಿ. ನಿಮ್ಮವ್ವ ಸುಣ್ಣದ ಗೀಟಿನಾಗ ಎಲ್ಲಾ ಕಡೆ ಅಡ್ಡಾಡಿ, ಬಾಗಲಾ ಇದ್ದಲ್ಲಿಂದ ಅಷ್ಟ ಹೊರಗ ಬರತಾಳ. ನಾ ಗೀಟ ದಾಟಿ ಬಂದ್ರ ‘ಗ್ವಾಡ್ಯಾಗ ಹಾದ ಬಂದ್ರಲ್ರಿ’ ಅಂತ ಬೈತಾಳ.

ದೀವಳಗಿ ಪಾಡ್ಯೇಕ್ಕ ಅಡಿಗಲ್ಲ ಇಡೂದು, ಅಕ್ಟೋಬರ್ 22. ಚಿಂಬಲದಿಂದ ಮಗ್ಗಲ ಖೋಲಿಯ ಕುಬೇರ, ಹುಲಿಗೆಮ್ಮ, ಎಲ್ಲಾರೂ ಬರತಾರ.

ಒಂದ ಮಾತ ಕೇಳೂದೈತಿ. ಗೋವಾಕ್ಕ ಬಂದಾಗಿಂದ ಎಷ್ಟ ಅಡಿಗಲ್ಲ ನೋಡೀನಿ ಅನ್ನೂದ ಲೆಕ್ಕ ಇಲ್ಲ. ಮಾಲಕ ಕಲ್ಲ ಇಡತಾನ, ಮಾಲಕನ ಹೇಂತಿ ಹೂವ ಹಾಕತಾಳ, ನಾ ಹಿಂದ ನಿಂತು ಕರಣಿ ಕೊಡತೀನಿ. ಅವರು ಗಾರಿ ಹಚ್ಚಿದಂಗ ಮಾಡತಾರ, ಫೋಟೋ ತಗೀತಾರ. ಅವರು ಹೋದ ಮ್ಯಾಲ ನಾ ಕಲ್ಲ ಎತ್ತಿ ಮತ್ತ ಸರಿಯಾಗಿ ಇಡತೀನಿ. ನಿಮ್ಮವ್ವಗಂತೂ ಅಷ್ಟೂ ಇಲ್ಲ. ಆಕಿ ನೀರಿನ ಕೊಡ ಹೊತ್ತ ದೂರ ನಿಂತಿರತಿದ್ಲು, ಫೋಟೋದಾಗ ಬರಬಾರದಂತ.

ಈ ಸಲ ಕರಣಿ ನಿನ್ನ ಕೈಯಾಗ ಕೊಡಬೇಕಂತ ಮಾಡೀನಿ. ಇಂಜಿನಿಯರ್ ನೀನು. ನೀ ಬರೀಲಿಲ್ಲಂದ್ರ ನಾವು ಬಿರುಕಿನ ಮ್ಯಾಲ ಮಲಗತಿದ್ವಿ. ಚಿಂಬಲದವರ ಮುಂದ ನನ್ನ ಮಗಳು ಕಲ್ಲ ಇಟ್ಲು ಅನ್ನಬೇಕು ನಾ. ನಿಮ್ಮವ್ವನ ಕೇಳಿದೆ. ‘ಹೌದ್ರಿ, ಆಕೀನ ಇಡಲಿ, ನನಗ ನೀರಿನ ಕೊಡ ಐತಲ್ಲ’ ಅಂದ್ಲು.

ಹೂಂ ಅಂತ ಬರೀ.

ಅಪ್ಪ

*

ಫೋಂಡಾ
6 ಅಕ್ಟೋಬರ್ 2025

ಅಪ್ಪಾ,

ವರದಿಯನ್ನು ಈ ಪತ್ರದ ಜೊತೆ ಕಳುಹಿಸುತ್ತಿದ್ದೇನೆ. ಮುಖ್ಯಸ್ಥರ ಸಹಿ ಆಗಿದೆ, ಮೊಹರು ಬಿದ್ದಿದೆ, ಅದರ ಕೆಳಗೆ ನನ್ನ ಸಹಿಯೂ ಇದೆ. ನೀನು ಫೋನಿನಲ್ಲಿ ಕೇಳಿದ ಪ್ರಕಾರ ಒಂದು ಪ್ರತಿ ಕನ್ನಡದಲ್ಲಿದೆ, ಎರಡು ಸಲ ಓದದೆ ತಿಳಿಯುವ ಕನ್ನಡದಲ್ಲಿ. ಮೂರನೆಯ ಗುಂಡಿಯ ಸುತ್ತ ನೀನು ಗುರುತು ಮಾಡಿರುವ ಜಾಗ ನಮ್ಮ ಮನೆಯನ್ನು ಹೊರುತ್ತದೆ. ಮುಂದೆ ನಿನಗೆ ಮನಸ್ಸಾದರೆ ಇನ್ನೊಂದು ಮಜಲನ್ನೂ ಹೊರುತ್ತದೆ. ರಸ್ತೆಯ ಬದಿಗೆ ಏನನ್ನೂ ಕಟ್ಟಬೇಡ. ಗೇರುಮರ ಅಲ್ಲಿಯೇ ಇರಲಿ, ಅದರ ಬೇರು ಮಣ್ಣು ಹಿಡಿಯುತ್ತದೆ.

ಹಳೆಯ ನೀಲಿ ಫೈಲನ್ನು ಎಸೆಯಬಾರದು ಎಂದು ನಾನು ಹೇಳಿದರೆ ನೀನು ನಗುತ್ತೀಯ. ಆದರೂ ಹೇಳುತ್ತೇನೆ. ಅದರ ಅಂಕಿಗಳು ಸುಳ್ಳು, ಆದರೆ ಆ ನೆಲ ಯಾರ ಕೈಗೆ ಹೇಗೆ ಸಿಕ್ಕಿತೆಂಬುದಕ್ಕೆ ಬೇರೆ ದಾಖಲೆ ಇಲ್ಲ. ಸಂಕ್ರಾಂತಿಯ ದಿನ ನಾನು ಫೋಟೋ ತೆಗೆದುಕೊಂಡಿದ್ದ ಠಾಕಪ್ಪನವರ ಪುಟವನ್ನು ಹೊಸ ವರದಿಯ ಕೊನೆಗೆ ಸೇರಿಸಿ ಹೊಲಿಸಿದ್ದೇನೆ. ಅವ್ವ ಗೀಟು ಎಳೆದ ನೀರಿನ ಪಟ್ಟಿಯೂ ಅದರ ಪಕ್ಕದಲ್ಲಿದೆ. ಮುಖ್ಯಸ್ಥರು ಅದನ್ನು ಹೊಸದಾಗಿ ಟೈಪು ಮಾಡಿಸುವುದು ಬೇಡವೆಂದರು.

ನಮ್ಮ ಲ್ಯಾಬಿನ ನಮೂನೆಯಲ್ಲಿ ಗುಂಡಿಯ ಸಂಖ್ಯೆ, ಆಳ, ಮಣ್ಣಿನ ಬಗೆ, ನೀರಿನ ಮಟ್ಟ ಎಂಬ ನಾಲ್ಕೇ ಅಂಕಣಗಳಿವೆ. ನಾನು ಐದನೆಯದನ್ನು ಸೇರಿಸಿದೆ. ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿ ಸಹಿ ಹಾಕಿದರು. ಆರನೆಯ ಪುಟದಲ್ಲಿದೆ. ಅವ್ವನಿಗೆ ಜೋರಾಗಿ ಓದಿ ಹೇಳು:

‘ಗುಂಡಿ ೩, ಮೇ 2003. ತೋಡಿದವರ ನೆನಪಿನಂತೆ ಆಳ ಎದೆಮಟ್ಟ. 2025ರ ಕೊರೆತದಲ್ಲಿ ಕಲ್ಲು ಸಿಕ್ಕಿದ ಆಳ 1.25 ಮೀಟರ್, ನೆನಪು ಸರಿಯಾಗಿದೆ. ತೋಡಿದವರು: ಯಮನೂರಪ್ಪ, ಬಾಳವ್ವ.’

ಪಾಡ್ಯದ ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಈ ಸಲ ರಜೆ ಕೇಳಿದ್ದೇನೆ, ನಾಲ್ಕು ದಿನ ಸಿಕ್ಕಿದೆ. ನೀರಿನ ಕೊಡವನ್ನು ತೊಳೆದು ಇಡು, ಅದನ್ನು ಅವ್ವನ ಬದಲು ನಾನು ಹೊರುತ್ತೇನೆ. ಮಾಂತೇಶ ಅವರೂ ಬರುತ್ತಾರಂತೆ, ಫೋಟೋ ತೆಗೆಯಲು.

ಅಡಿಗಲ್ಲನ್ನು ನಾನು ಇಡುವುದಿಲ್ಲ.

ಗೀತವ್ವ